ಮೂವತ್ತಾರು ಬಿಲ್ಲೆ, ಒಂದು ಹಸಿರು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರಲ್ಲ, ನನ್ನ ಶೆಡ್ಡಿಗೆ ಎಡವಟ್ಟುಗಳು ಹಾಗೆ ಬರುತ್ತವೆ. ಬಂದರೆ ಎರಡು ದಿನ ಉಳಿಯದೆ ಹೋಗುವುದಿಲ್ಲ.

ನಾನು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದು, ರಿಟೈರಾಗಿ ಕೊಡ್ಲಿಪೇಟೆಗೆ ಬಂದವನು. ಬಂದು ಕಾಫಿ ಕುಡಿಯುವ ಮಣ್ಣಿನ ಕಪ್ಪು ಮಾಡಲು ಕಲಿತೆ. ಕಲಿತೆ ಅನ್ನುವುದು ವಿನಯಕ್ಕೆ. ಮಣ್ಣೇ ನನ್ನನ್ನು ಹುಡುಕಿಕೊಂಡು ಬಂತು. ಕಪ್ಪಿಗೆ ಹಾಕುವ ಹೊಳಪಿನ ಬಣ್ಣ, ಅಂದರೆ ಗ್ಲೇಜ್, ಅದನ್ನೂ ನಾನೇ ಕಲಸುತ್ತೇನೆ. ಸಾವಿರದ ಇನ್ನೂರು ಡಿಗ್ರಿಯ ಕರೆಂಟ್ ಭಟ್ಟಿಯಲ್ಲಿ ಅದು ಕರಗಿ ಗಾಜಾಗುತ್ತದೆ.

ಇಷ್ಟು ದೊಡ್ಡ ಕಲಾವಿದನಿಗೆ ಅಡ್ಡಿ ಒಂದೇ: ಶೆಡ್ಡು ಹೆಂಡತಿಯದು. "ಕಾಫಿ ಹಣ್ಣಿನ ಪಿಕಿಂಗ್ ಶುರುವಾಗೋದ್ರೊಳಗೆ ಒಂದು ಆರ್ಡರ್ ಆದ್ರೂ ಮುಗಿಸಿ ತೋರಿಸಿ. ಇಲ್ದಿದ್ರೆ ನಿಮ್ಮ ಭಟ್ಟಿ ಆಚೆ, ನನ್ನ ಕಾಫಿ ಚೀಲ ಒಳಗೆ" ಅಂದಿದ್ದಳು.

೧. ಗುಲಾಬಿ ಬಕೆಟ್ಟು

ಮೊದಲು ಕಲಸಿದ್ದು ಕಡುನೀಲಿ. ಹಸಿಯಲ್ಲಿ ಅದು ತೆಳು ಗುಲಾಬಿ. ಬೆಂದ ಮೇಲೇ ನೀಲಿ. ಹೆಂಡತಿಯ ಅಣ್ಣ, ನಮ್ಮ ಭಾವ, ಬಕೆಟ್ಟಿಗೆ ಇಣುಕಿದರು.

"ಏನ್ ಬಣ್ಣ ಇದು?"

"ನೀಲಿ."

ಭಾವ ಬಕೆಟ್ಟನ್ನು ನೋಡಿದರು, ನನ್ನನ್ನು ನೋಡಿದರು, ತಂಗಿಯನ್ನು ಪಕ್ಕಕ್ಕೆ ಕರೆದರು. "ಭಾನುವಾರ ಕಣ್ಣಿನ ಕ್ಯಾಂಪ್ ಇದೆ ಕಣಮ್ಮ. ಇವರನ್ನ ನಾನೇ ಕರ್ಕೊಂಡು ಹೋಗ್ತೀನಿ."

ಶನಿವಾರ ಭಟ್ಟಿ ತೆರೆದು, ಆಕಾಶ ನಾಚುವಂಥ ನೀಲಿ ಕಪ್ಪನ್ನು ಭಾವನ ಕೈಗಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಕ್ಯಾಂಪಿಗೆ ಇಬ್ರೂ ಹೋಗಣ" ಅಂದರು.

೨. ಹಾರಂಗಿ ಗೇಟು

ಬೂದಿ ಸೇರಿಸಿದರೆ ಗ್ಲೇಜ್ ಬೇಗ ಕರಗುತ್ತದೆ. ಪುಸ್ತಕದಲ್ಲಿ ಒಂದು ಚಮಚ ಅಂತಿದ್ದರೆ ನನ್ನಂಥ ಧಾರಾಳಿಗೆ ಅದು ಐದು. ಕಾಫಿ ಸಿಪ್ಪೆ ಸುಟ್ಟ ಬೂದಿಯನ್ನು ಸುರಿದೆ.

ಭಟ್ಟಿ ತೆರೆದರೆ, ಒಳಗೆ ಹಾರಂಗಿ ಡ್ಯಾಮಿನ ಗೇಟು ತೆಗೆದ ಹಾಗೆ ಬಣ್ಣವೆಲ್ಲ ಹರಿದು, ಕಪ್ಪು ಭಟ್ಟಿಯ ತಳಕ್ಕೇ ಬೆಸೆದುಕೊಂಡಿತ್ತು. ಎಳೆದರೆ ಹಿಡಿ ಕಿತ್ತು ಬಂತು, ಕಪ್ಪು ಬರಲಿಲ್ಲ. ಅಂಥ ಗಟ್ಟಿ ಕೆಲಸ ನನ್ನದು.

ಹೆಂಡತಿ ಬಗ್ಗಿ ನೋಡಿ, "ಒಂದು ಒಳ್ಳೇದಾಯ್ತು. ಇದರಲ್ಲಿ ಕಾಫಿ ಕುಡಿಬೇಕಂದ್ರೆ ನೆಂಟ್ರು ಭಟ್ಟಿಯೊಳಗೆ ತಲೆ ಹಾಕ್ಬೇಕು. ಎರಡನೇ ಸಲ ಯಾರೂ ಬರಲ್ಲ" ಅಂದಳು.

೩. ರೈಟರ್ ಕೈಬರಹ

ಆಮೇಲೆ ಶಿಸ್ತಿಗೆ ಇಳಿದೆ. ಮೂವತ್ತಾರು ಬಗೆಯ ಗ್ಲೇಜ್ ಕಲಸಿ, ಒಂದೊಂದರಲ್ಲಿ ಒಂದೊಂದು ಮಣ್ಣಿನ ಬಿಲ್ಲೆ ಅದ್ದಿ, ಬಿಲ್ಲೆಯ ಬೆನ್ನಿಗೆ ನಂಬರ್ ಬರೆದೆ. ಯಾವ ನಂಬರಿಗೆ ಏನೇನು ಹಾಕಿದ್ದು ಎಂಬುದು ನನ್ನ ನೋಟ್‌ಬುಕ್ಕಿನಲ್ಲಿ. ಎಸ್ಟೇಟಿನ ಆಳುಗಳ ಹಾಜರಿ ಬರೆಯುವ ಚೆಕ್‌ರೋಲಿನಲ್ಲಿ ಒಂದು ತಲೆಯನ್ನೂ ಹೆಚ್ಚು ಕಡಿಮೆ ಎಣಿಸದ ಕೈ ಇದು. ಬಿಲ್ಲೆಗೆ ನಂಬರ್ ಬರೆದದ್ದೂ, ಹಳೇ ಅಭ್ಯಾಸ, ಪೆನ್ಸಿಲ್ಲಿನಲ್ಲಿ.

ಭಟ್ಟಿ ತೆರೆದ ದಿನವೇ ಪಾಲಿಬೆಟ್ಟದಲ್ಲಿ ಹೋಂಸ್ಟೇ ನಡೆಸುವ ಹೆಂಗಸೊಬ್ಬರು ಬಂದರು. ಬಿಲ್ಲೆಗಳಲ್ಲಿ ಒಂದನ್ನು ಎತ್ತಿಕೊಂಡವರು ಕೆಳಗಿಡಲೇ ಇಲ್ಲ. ಮಳೆ ನಿಂತ ಮೇಲಿನ ಕಾಫಿ ಎಲೆಯ ಹಸಿರು, ಅಲ್ಲಲ್ಲಿ ನೀಲಿ ಚುಕ್ಕೆ.

"ಅಂಕಲ್, ಇದೇ ಬಣ್ಣದಲ್ಲಿ ನಲವತ್ತು ಕಪ್. ಪಿಕಿಂಗ್ ನೋಡೋಕೆ ಗೆಸ್ಟ್ ಬರ್ತಾರೆ, ಅದಕ್ಕೆ ಮೊದಲು ಬೇಕು."

"ಆಯ್ತಮ್ಮ. ನಂಬರ್ ನೋಡೋಣ" ಅಂತ ಗತ್ತಿನಲ್ಲಿ ಬಿಲ್ಲೆ ತಿರುಗಿಸಿದೆ. ಬೆನ್ನು ಖಾಲಿ. ಇನ್ನೊಂದು ತಿರುಗಿಸಿದೆ. ಅದೂ ಖಾಲಿ. ಅಷ್ಟು ಬೆಂಕಿಗೆ ಪೆನ್ಸಿಲ್ ಗೆರೆ ಎಲ್ಲಿ ಉಳಿಯುತ್ತದೆ.

"ಎಷ್ಟನೇ ನಂಬರ್ ಅಂಕಲ್?"

"ಅದು ಗುಟ್ಟಮ್ಮ, ಯಾರಿಗೂ ಹೇಳೋದಿಲ್ಲ" ಅಂದೆ. ಅಷ್ಟು ಭದ್ರವಾದ ಗುಟ್ಟು ಕೊಡಗಿನಲ್ಲೇ ಇನ್ನೊಂದಿರಲಿಲ್ಲ. ನನಗೂ ಗೊತ್ತಿರಲಿಲ್ಲ.

೪. ಮಿಕ್ಕಿದ್ದ ಬಿಲ್ಲೆ

ಮೂವತ್ತಾರನ್ನೂ ಮತ್ತೆ ಕಲಸಿ, ಈ ಸಲ ಬೆಂದರೂ ಅಳಿಯದ ಕಾವಿಯಲ್ಲಿ ನಂಬರ್ ಹಾಕಿ ಬೇಯಿಸಿದೆ. ಹಸಿರು ಬಂದವು ಏಳು. ಒಂದೂ ಅದಲ್ಲ. ಅಷ್ಟರಲ್ಲಿ ತೋಟದಲ್ಲಿ ಹಣ್ಣು ಕೆಂಪಾಗತೊಡಗಿತ್ತು. ಹೆಂಡತಿ ಖಾಲಿ ಚೀಲಗಳನ್ನು ತಂದು, ಬೇರೆಲ್ಲೂ ಜಾಗವಿಲ್ಲವೆಂಬಂತೆ ಶೆಡ್ಡಿನ ಬಾಗಿಲಲ್ಲೇ ಕೊಡವುತ್ತಿದ್ದಳು.

ಬೇರೆ ದಾರಿ ಕಾಣದೆ ಅವಳ ಹತ್ತಿರ ಎಲ್ಲ ಒಪ್ಪಿಕೊಂಡು ಆ ಹಸಿರು ಬಿಲ್ಲೆ ತೋರಿಸಿದೆ.

"ಇದಾ? ಇದು ನಂದು" ಅಂದಳು.

"ನಿಂದಾ?"

"ಒಂದೊಂದು ಬಣ್ಣ ಮುಟ್ಟಿ ಒಂದೊಂದ್ಸಲ ಕೈ ತೊಳೀತಿದ್ರಲ್ಲ, ಆ ಬಕೆಟ್ ಚೆಲ್ಲೋಕೆ ಹೋದೆ. ತಳದಲ್ಲಿ ಮಂದವಾಗಿ ನಿಂತಿತ್ತು. ಹಾಳಾಗುತ್ತಲ್ಲ ಅಂತ, ಮಿಕ್ಕಿದ್ದ ಬಿಲ್ಲೆ ಒಂದನ್ನ ಅದ್ದಿ ಭಟ್ಟಿ ಮೂಲೇಲಿಟ್ಟೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಚೆಕ್‌ರೋಲ್ ಬರೆದವ್ರು, ಎಣಿಸ್ತೀರ ಅಂದ್ಕೊಂಡೆ."

ಮೊದಲ ಸಲದ ಬಿಲ್ಲೆಗಳನ್ನು ಆಗ ಎಣಿಸಿದೆ. ಮೂವತ್ತೇಳಿದ್ದವು.

ಪುಣ್ಯಕ್ಕೆ ಆ ಬಕೆಟ್ಟನ್ನು ಅವಳು ಚೆಲ್ಲದೆ ಹಾಗೇ ಪಕ್ಕಕ್ಕೆ ಎತ್ತಿಟ್ಟಿದ್ದಳು. ನಲವತ್ತು ಕಪ್ಪೂ ನನ್ನ ಕೈ ತೊಳೆದ ನೀರಲ್ಲೇ ಮುಳುಗೆದ್ದು, ಹಸಿರಾಗಿ, ಪಿಕಿಂಗಿಗೆ ಎರಡು ದಿನ ಮೊದಲು ಪಾಲಿಬೆಟ್ಟ ಸೇರಿದವು. ಶೆಡ್ಡು ಉಳಿಯಿತು. ಚೀಲಗಳು ನಾನು ಮಲಗುವ ಕೋಣೆಗೆ ಬಂದವು.

ಈಗ ಹೋಂಸ್ಟೇಯವರಿಗೆ ಅದೇ ಬಣ್ಣದ ತಟ್ಟೆ ಬೇಕಂತೆ. ಹಳೇ ನೀರು ಮುಗಿದಿದೆ, ಹಾಗಾಗಿ ಬೆಳಿಗ್ಗೆಯಿಂದ ಬಕೆಟ್ಟಿನ ಮುಂದೆ ಕೂತಿರುತ್ತೇನೆ. ಹೆಂಡತಿ ಪಕ್ಕದಲ್ಲಿ ನಿಂತು, "ನೀಲಿ ಕೈ ಇನ್ನೊಂದ್ಸಲ ತೊಳೀರಿ. ಕಂದು ಸಾಕು, ಸಾಕು" ಅನ್ನುತ್ತಿರುತ್ತಾಳೆ. ಮೊನ್ನೆ ತಟ್ಟೆಯ ಕೆಲಸ ನೋಡಲು ಆ ಹೆಂಗಸೇ ಬಂದು, "ಆಂಟಿ, ಇಷ್ಟೆಲ್ಲ ಅಂಕಲ್ ಒಬ್ರೇ ಮಾಡ್ತಾರಾ?" ಎಂದು ಕೇಳಿದರು. ನಾನು ಮೀಸೆ ತಿರುವುವಷ್ಟರಲ್ಲಿ ಇವಳು ಹೇಳಿಯಾಗಿತ್ತು:

"ಇವ್ರು ಕೈ ತೊಳೀತಾರೆ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ."