ಮಧುರವಾಡದ ಬಡಿಗೆ ಮಂಜೂರು

ಮೂರು ವರ್ಷಕ್ಕೆ ಶಾಲೆ ಸೇರಿದ ಮಗು ಮೂವತ್ತಕ್ಕೆ ಕಳ್ಳನಾಗುವುದಿಲ್ಲ ಎಂಬುದು ವಿಜಯವಾಡದ ಅಪರಾಧ ಮುಂಜಾಗ್ರತಾ ಮಂಡಳಿಯ ಸಭೆಯಲ್ಲಿ ಸರ್ವಾನುಮತದಿಂದ ಸಾಬೀತಾಯಿತು. ಆದ್ದರಿಂದ ಶಿಶುವಿಹಾರಗಳ ಖರ್ಚನ್ನು ಇನ್ನು ಮುಂದೆ ಪೊಲೀಸ್ ಅನುದಾನದಿಂದಲೇ ಭರಿಸತಕ್ಕದ್ದು ಎಂದು ಆದೇಶವಾಯಿತು.

ಮೊದಲ ಅನುದಾನ ವಿಶಾಖಪಟ್ಟಣದ ಮಧುರವಾಡದಲ್ಲಿ ಕನಕದುರ್ಗ ಟೀಚರ್ ನಡೆಸುವ ಶಿಶುವಿಹಾರಕ್ಕೆ. ಅದಕ್ಕೆ ಗೋಡೆಗಳಿದ್ದವು, ಸೂರು ತುಫಾನಿಗೆ ಹಾರಿತ್ತು. ಮಳೆಗಾಲದೊಳಗೆ ಸೂರು ಆಗದಿದ್ದರೆ ಶಾಲೆ ಮುಚ್ಚಲಾಗುವುದೆಂದು ನೋಟಿಸ್ ಬಂದಿತ್ತು. ಆಕೆ ಕೇಳಿದ್ದು ತಗಡು ಮತ್ತು ಸ್ಲೇಟು.

ಮಂಡಳಿಯ ಖರೀದಿ ನೋಡಿಕೊಳ್ಳುತ್ತಿದ್ದವರು ಬ್ಯಾಂಕಿನಿಂದ ಎರವಲಾಗಿ ಬಂದ ಧಾರವಾಡದ ಬಾಲಚಂದ್ರ. ತೆಲುಗಿನಲ್ಲಿ ಬಡಿ ಎಂದರೆ ಶಾಲೆ. ಇಲ್ಲಿಯ ನೀರು ಕುಡಿದೂ ಕುಡಿದೂ ಅವರ ಕನ್ನಡದಲ್ಲಿ ಸಾಲಿ ಹೋಗಿ ಬಡಿ ಬಂದು ಕೂತಿತ್ತು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ತಗಡು, ಸ್ಲೇಟು, ಬಿದಿರು ಎಲ್ಲ ಮಾರುವ, ಕನ್ನಡಿಗರಾದ ನಮ್ಮ ಸಗಟು ಅಂಗಡಿಗೆ ಫೋನ್ ಮಾಡಿದರು.

“ಸಾವ್ಕಾರ್ರ, ಮಧುರವಾಡದ ಬಡಿಗೆ ಮಂಜೂರಾಗೇದ. ಲಗೂನ ಮಾಲು ಕಳಸ್ರಿ.”

“ಯಾರಿಗೆ ಸ್ವಾಮಿ?”

“ಸಣ್ಣ ಹುಡುಗರಿಗೇ ಅಲ್ಲೇನ್ರೀ! ಸಣ್ಣವರಿದ್ದಾಗನ ಬಡಿಗೆ ಹಚ್ಚಿದ್ರ ಮುಂದ ಕಳವು ಮಾಡೂದಿಲ್ಲಂತ.”

“ಗಟ್ಟಿ ಮಾಲೇ ಕಳಿಸ್ತೀನಿ ಬಿಡಿ.”

ಮಂಡಳಿಯ ಹೆಸರಿನಲ್ಲೇ ಅಪರಾಧ ಇರುವಾಗ ಅನುಮಾನ ಪಡುವುದು ವ್ಯಾಪಾರ ಧರ್ಮವಲ್ಲ. ಗಟ್ಟಿ ಬಿದಿರಿನ ಬಡಿಗೆಗಳು ಲಾರಿ ತುಂಬ ಹೋದವು.

ಕನಕದುರ್ಗ ಲಾರಿ ನೋಡಿದರು, ಮೋಡ ನೋಡಿದರು. ಬಡಿಗೆಗಳನ್ನೇ ಹೆಣೆದು ಮೇಲೆ ತಾಡಪಾಲು ಕಟ್ಟಿಸಿದರು. ಮಕ್ಕಳು ನೆನೆಯದೆ ಕೂತು ಅ, ಆ ತಿದ್ದತೊಡಗಿದರು.

ತಪಾಸಣೆಗೆ ಬಂದ ಮಂಡಳಿಯ ಕಾರ್ಯದರ್ಶಿ ಫಣಿ ತಲೆಯೆತ್ತಿ ನೋಡಿದರು. “ಏನಮ್ಮಾ, ಅಪರಾಧ ತಡೆಯುವ ಸಾಮಗ್ರಿ ಮೇಲೆ ಯಾಕಿದೆ?”

“ಮಳೆ ತಡೀತಿದೆ ಸಾರ್.”

“ಮಳೆ ಅಪರಾಧವಲ್ಲ. ಅದು ವಿಪತ್ತು ಇಲಾಖೆಯದು. ಮತ್ತೆ ಈ ಅ, ಆ?”

“ಇದು ಶಾಲೆ ಅಲ್ವಾ ಸಾರ್?”

“ಅಕ್ಷರ ಅನ್ನೋದು ಶಿಕ್ಷಣ ಇಲಾಖೆಯದು. ಪೊಲೀಸ್ ದುಡ್ಡಲ್ಲಿ ಅಕ್ಷರ ಕಲಿಸಿದರೆ ಆಡಿಟ್‌ನವರು ನನ್ನನ್ನು ಸುಮ್ನೆ ಬಿಡ್ತಾರಾ?”

“ಹಾಗಾದ್ರೆ ಬಡಿಗೆ ವಾಪಸ್ ತಗೊಂಡು ತಗಡು ಕೊಡಿ. ಯಾರೋ ತಪ್ಪಿ ಕಳಿಸಿದ್ದಾರೆ.”

“ತಪ್ಪು ತಡೆಯೋ ಮಂಡಳಿ ತಪ್ಪು ಮಾಡುತ್ತಾ? ಮಾತು ನೋಡ್ಕೊಂಡು ಆಡಿ.”

ಅಲ್ಲೇ ನಿಂತು ನಿಯಮವಾಯಿತು. ಸೂರು ಬಿಚ್ಚತಕ್ಕದ್ದು. ಬಡಿಗೆಗಳನ್ನು ಮಕ್ಕಳ ಕೈಗೆ ಕೊಡತಕ್ಕದ್ದು. ಬಡಿಗೆ ಹಿಡಿದ ಕೈಯಲ್ಲಿ ಬಳಪ ಹಿಡಿಯತಕ್ಕದ್ದಲ್ಲ. ಬಡಿಗೆಗಳಿರುವ ಜಾಗ ಕವಾಯತು ಮೈದಾನವೆನಿಸುವುದರಿಂದಲೂ, ಮೈದಾನಕ್ಕೆ ಸೂರು ಬೇಕಿಲ್ಲವಾದ್ದರಿಂದಲೂ ಶಾಲೆ ಮುಚ್ಚುವ ನೋಟಿಸ್ ರದ್ದಾಗುವುದು. ಒಪ್ಪದಿದ್ದರೆ ನಾಳೆಯೇ ಬೀಗ.

ಕನಕದುರ್ಗ ಮಕ್ಕಳ ಕಡೆ ನೋಡಿದರು. ಒಪ್ಪಿದರು.

ಬೀದಿಯಲ್ಲಿ ಕಳ್ಳತನ ನಿಂತಿತು. ಬಡಿಗೆ ಹಿಡಿದ ಮೂರು ವರ್ಷದವರ ಮುಂದೆ ಹಾಯುವ ಧೈರ್ಯ ಕಳ್ಳರಿಗಷ್ಟೇ ಅಲ್ಲ, ಹಾಲಿನವನಿಗೂ ಇರಲಿಲ್ಲ. ಯೋಜನೆ ಯಶಸ್ವಿಯೆಂದು ಘೋಷಿಸಿ ಬಾಲಚಂದ್ರರಿಗೆ ಶಾಲು ಹೊದಿಸಿದರು. ನಮ್ಮಲ್ಲೀಗ ಮಕ್ಕಳ ಅಳತೆಯ ಬಡಿಗೆ ಸದಾ ಸ್ಟಾಕ್ ಇರುತ್ತದೆ.

ಹತ್ತಿರದ ಋಷಿಕೊಂಡದ ಐಟಿ ಆಫೀಸುಗಳಿಂದಲೂ ಜನ ಮಕ್ಕಳನ್ನು ಸೇರಿಸಲು ಬರತೊಡಗಿದರು. ಮೈಸೂರಿನ ಸಹನಾ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಕನಕದುರ್ಗ ಅವರನ್ನು ವಿಚಾರಿಸಿದಳು.

“ಮೇಡಂ, ಅಕ್ಷರ ಯಾವಾಗ ಶುರು ಮಾಡ್ತೀರಿ?”

“ಇಲ್ಲಿ ಇಲ್ಲಮ್ಮಾ. ಅಕ್ಷರ ಜೈಲಲ್ಲಿ ಹೇಳಿಕೊಡ್ತಾರೆ. ಟೀಚರು, ಪುಸ್ತಕ, ಲೈಬ್ರರಿ, ಎಲ್ಲಾ ಸರ್ಕಾರದ್ದೇ.”

ಸಹನಾ ಮಗಳನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. “ಅಲ್ಲಿ ಸೀಟು ಸಿಗೋದು ಕಷ್ಟನಾ?”

“ನಮ್ಮ ಬಡಿಯಿಂದ ಹೋದೋರಿಗೆ ಆದ್ಯತೆ ಇದೆ.”

ಸಹನಾಗೆ ಸಮಾಧಾನವಾಯಿತು. ನಿಂತಲ್ಲೇ ಮಗಳ ಹೆಸರು ಬರೆಸಿದಳು.