ದೀಕ್ಷೆಗೆ ಮೊದಲು ನಲವತ್ತು ದಿನ

ಮಕ್ಕಳಿಗೆ ಲಿಂಗದೀಕ್ಷೆ ಮಾಡಿಸುವ ನಮ್ಮ ಸಮಿತಿಯ ಅಧ್ಯಕ್ಷರು ಪ್ರತಿ ಮಗುವಿನ ಸೇವಾಪುಸ್ತಕವನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ ಎಂದು ಆಗ ಎಲ್ಲರೂ ನಂಬಿದ್ದರು. ನಾನು ಸುಲಭಕ್ಕೆ ಏನನ್ನೂ ನಂಬುವವನಲ್ಲ. ಇದನ್ನು ನಂಬಿದ್ದೆ.

ಸೇವಾಪುಸ್ತಕ ಬಂದದ್ದು ಇಸ್ರೇಲಿನಿಂದ. ಅಧ್ಯಕ್ಷರದು ದಾವಣಗೆರೆಯಲ್ಲಿ ಮೆಕ್ಕೆಜೋಳದ ಮಂಡಿ. ಒಮ್ಮೆ ರೈತರ ತಂಡದ ಜೊತೆ ಹನಿ ನೀರಾವರಿ ನೋಡಲು ಅಲ್ಲಿಗೆ ಹೋಗಿದ್ದರು. ಒಂದು ತೋಟದ ಮನೆಯಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ಹಳೆಯ ಸೈಕಲ್‌ಗಳನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ. ಸೈಕಲ್ ಇಲ್ಲದ ಮಕ್ಕಳಿಗೆ ಕೊಡಲಿಕ್ಕಂತೆ. ಯೆಹೂದಿಗಳಲ್ಲಿ ಆ ವಯಸ್ಸಿಗೆ ಒಂದು ಸಂಸ್ಕಾರವಿದೆ, ಅದಾದ ಮೇಲೆ ಧರ್ಮದ ಹೊಣೆ ಮಕ್ಕಳದೇ, ಅದಕ್ಕೆ ತಯಾರಾಗುವಾಗ ಇಂಥದೊಂದು ಸೇವೆ ಮಾಡುತ್ತಾರೆ ಎಂದು ಜೊತೆಗಿದ್ದ ದುಭಾಷಿ ಹೇಳಿದ. ಅಧ್ಯಕ್ಷರು ಊರಿಗೆ ಬಂದು ಹನಿ ನೀರಾವರಿ ಬಗ್ಗೆ ಒಂದು ಮಾತೂ ಆಡಲಿಲ್ಲ. "ಅವರ ಹುಡುಗ್ರು ಕೈಗೆ ಗ್ರೀಸ್ ಹಚ್ಕೊಂತಾರ. ನಮ್ಮ ಹುಡುಗ್ರು ಲಿಂಗದೀಕ್ಷೆಗೆ ಹೊಸ ಬಟ್ಟೆ ಹೊಲಿಸ್ಕೊಂತಾರ, ಅಷ್ಟೇ" ಎಂದರು.

ನಿಯಮ ಬಂತು. ದೀಕ್ಷೆಗೆ ಮೊದಲು ನಲವತ್ತು ದಿನ ಸೇವೆ. ಮಾಡಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಸಹಿ ಇಲ್ಲದಿದ್ದರೆ ದೀಕ್ಷೆ ಇಲ್ಲ. ಸಹಿ ಹಾಕುವ ಕೆಲಸ ನನ್ನ ಪಾಲಿಗೆ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು, ದೀಕ್ಷೆ ಗೀಕ್ಷೆ ದೂರ. "ಅದಕ್ಕೇ ನೀವು" ಎಂದರು ಅಧ್ಯಕ್ಷರು. "ದೇವರಿಗೇ ಮುಲಾಜು ನೋಡದವರು, ನಮಗೇನು ನೋಡ್ತೀರಿ?"

ಮೊದಲ ತಂಡದಲ್ಲಿ ಹನ್ನೊಂದು ಮಕ್ಕಳು. ಹತ್ತು ಪುಸ್ತಕ ತುಂಬತೊಡಗಿದವು. ಹನ್ನೊಂದನೆಯದು ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವ ಹೆಂಗಸಿನ ಮಗಳದು. ಅದು ಖಾಲಿ.

"ಏನೂ ಮಾಡ್ತಿಲ್ಲೇನವ್ವ?"

"ಮಾಡ್ತೀನಿ ಸರ್. ದಿನಾ."

"ಏನು?"

"ಹೇಳಂಗಿಲ್ಲ ಸರ್. ಮಾತು ಕೊಟ್ಟೀನಿ."

"ಬರೀದಿದ್ರೆ ಸಹಿ ಇಲ್ಲ. ಗೊತ್ತೈತಲ್ಲ?"

"ಗೊತ್ತು" ಎಂದು ಪುಸ್ತಕ ಎತ್ತಿಕೊಂಡು ಹೋದಳು. ಅವಳ ತಾಯಿ ಬಿಳಿ ಲಂಗ ಹೊಲಿದಿಟ್ಟು, ನಂದಿಗುಡಿಯ ತವರಿನವರಿಗೆಲ್ಲ ಬರಹೇಳಿ ಆಗಿತ್ತು.

ಮಕ್ಕಳಿಂದ ಸೇವೆ ಮಾಡಿಸಲು ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ತುಂಬುತ್ತಿದ್ದ ಹತ್ತು ಪುಸ್ತಕಗಳಲ್ಲೂ ಫಜೀತಿ ಕಡಿಮೆ ಇರಲಿಲ್ಲ.

ರೊಟ್ಟಿ

ನಿಜಲಿಂಗಪ್ಪ ಬಡಾವಣೆಯ ಒಬ್ಬ ಹುಡುಗ ವೃದ್ಧಾಶ್ರಮಕ್ಕೆ ದಿನಾ ರೊಟ್ಟಿ ಕೊಡುತ್ತಿದ್ದ. ಪುಸ್ತಕ ಅಚ್ಚುಕಟ್ಟು, ಪ್ರತಿ ಪುಟಕ್ಕೂ ಫೋಟೊ. ವಿಚಾರಿಸಿದೆ. ರೊಟ್ಟಿ ಬಡಿಯುವುದು ತಾಯಿ. ಒಯ್ಯುವುದು ಡ್ರೈವರ್. ಫೋಟೊ ತೆಗೆಯುವುದು ತಂದೆ. ಪುಸ್ತಕ ಬರೆಯುವುದು ಅಕ್ಕ. ಹುಡುಗ ಫೋಟೊದಲ್ಲಿ ನಿಲ್ಲುತ್ತಿದ್ದ. ಅವನಿಗೆ ಜ್ವರ ಬಂದ ಮೂರು ದಿನ ಡ್ರೈವರೇ ನಿಂತಿದ್ದ, ಹಣೆಗೆ ವಿಭೂತಿ ಹಚ್ಚಿಕೊಂಡು.

ತಾಯಿಯನ್ನು ಕೇಳಿದೆ. "ಇದು ಯಾರ ಸೇವೆ ತಾಯಿ?"

"ಹುಡುಗಂದೇ ಸರ್" ಎಂದರು ಆಕೆ. "ನಾವು ಬರೀ ಮಾಡ್ತೀವಿ."

ಹೊಳೆದಂಡೆ

ಇಬ್ಬರು ಹುಡುಗಿಯರು ಹರಿಹರದ ಹೊಳೆದಂಡೆ ಸ್ವಚ್ಛ ಮಾಡಲು ಹೊರಟರು. ಅಲ್ಲಿ ಸ್ನಾನಕ್ಕೆ ಬಂದವರಲ್ಲಿ ಕೆಲವರು ಉಟ್ಟ ಬಟ್ಟೆಯನ್ನು ದಡದಲ್ಲೇ ಬಿಟ್ಟು ಹೋಗುತ್ತಾರೆ. ಪಾಪವೂ ಅದರ ಜೊತೆ ಹೋಗುತ್ತದೆಂದು ಲೆಕ್ಕ. ಪಾಪ ಹೋಗುತ್ತದೋ ಇಲ್ಲವೋ, ಬಟ್ಟೆ ಅಲ್ಲೇ ಕೊಳೆಯುತ್ತದೆ.

ಹುಡುಗಿಯರು ಶ್ರದ್ಧೆಯಿಂದ ಚೀಲ ತುಂಬಿದರು. ಚೀಲ ಹೇರಿದ ಟ್ರ್ಯಾಕ್ಟರ್ ಹೊರಡುವ ಹೊತ್ತಿಗೆ ಕುತ್ತಿಗೆವರೆಗೆ ನೀರಿನಲ್ಲಿದ್ದ ದಪ್ಪ ಮನುಷ್ಯನೊಬ್ಬ ಕೂಗಿದ. "ಏ ತಂಗೀ, ಅದು ನಾನು ಬಿಟ್ಟಿದ್ದಲ್ಲಬೇ. ಮನಿಗೆ ಹೋಗಾಕ ಇಟ್ಟಿದ್ದು."

"ಹಂಗಾದ್ರೆ ಮ್ಯಾಲೆ ಬಂದು ಯಾವುದು ಅಂತ ತೋರ್ಸ್ರಿ ಅಂಕಲ್" ಎಂದಳು ದೊಡ್ಡವಳು.

"ಅದು ಸಿಗೋತನಕ ಹೆಂಗೆ ಬರ್ಲಿ?"

ಹನ್ನೆರಡು ಚೀಲ ಬಿಚ್ಚಿದರು. ಅವನು ನೀರಿನಿಂದಲೇ ಬಣ್ಣ ಹೇಳುತ್ತಿದ್ದ, ದಡದ ಜನ ಒಂದೊಂದನ್ನೇ ಎತ್ತಿ ತೋರಿಸುತ್ತಿದ್ದರು. ಆ ದಿನದ ಪುಟದಲ್ಲಿ ಹುಡುಗಿ ಬರೆದಿದ್ದಳು: "ಇಂದು ಮೂವತ್ತೊಂದು ಪ್ಯಾಂಟು ತೆಗೆದೆವು. ಒಂದನ್ನು ವಾಪಸ್ ಕೊಟ್ಟೆವು. ಅವರು ತುಂಬಾ ಸಂತೋಷಪಟ್ಟರು."

ಹದಡಿಯ ಗಣಿತ

ಲೆಕ್ಕದಲ್ಲಿ ಜಾಣನಾದ ಒಬ್ಬ ಹುಡುಗ ಹದಡಿಗೆ ಹೋಗಿ ರೈತರೊಬ್ಬರ ಮಗನಿಗೆ ಗಣಿತ ಹೇಳಿಕೊಡಲು ಒಪ್ಪಿದ. ಮೊದಲ ದಿನ ಭಿನ್ನರಾಶಿ. ಎರಡನೆಯ ದಿನ ರೈತರು, "ಕುಂತು ಹೇಳೋದನ್ನ ನಿಂತು ಹೇಳು, ಹಂಗೇ ಒಂದು ಕೈ ಹಾಕು" ಎಂದು ಗದ್ದೆಗೆ ಇಳಿಸಿದರು. ಹತ್ತನೆಯ ದಿನದ ಹೊತ್ತಿಗೆ ಭಿನ್ನರಾಶಿ ಮಾಯವಾಗಿ ಪುಸ್ತಕದಲ್ಲಿ ಬರೀ ಭತ್ತದ ಸಸಿ ಇತ್ತು.

ಹುಡುಗನ ಕೈ ನೋಡಿ ಅವನ ತಂದೆ ಜಗಳಕ್ಕೆ ಹೊರಟರು. ನಾನೂ ಜೊತೆಗೆ ಹೋದೆ. ರೈತರು ಬದುವಿನ ಮೇಲೆ ನಮ್ಮನ್ನು ಕೂಡಿಸಿ ಮಜ್ಜಿಗೆ ಕೊಟ್ಟರು.

"ಹುಡುಗ ಬಾಳ ಚಲೋ ಅದಾನ್ರಿ ಸರ್. ನಿಮ್ಮ ಕೈಯಾಗ ಇದ್ರೆ ದೀಕ್ಷೆ ಒಂದು ಹದಿನೈದು ದಿನ ಮುಂದಕ್ಕೆ ಹಾಕ್ರಿ. ನಾಟಿ ಮುಗೀಲಿ."

ಭೂಸವೆತ

ಇಪ್ಪತ್ತನೆಯ ದಿನದ ಹೊತ್ತಿಗೆ ಇನ್ನೊಬ್ಬ ಹುಡುಗನಿಗೆ ಬರೆಯಲು ಏನೂ ಉಳಿಯಲಿಲ್ಲ. ಏನೂ ಮಾಡಿರಲಿಲ್ಲವಾದ್ದರಿಂದ ಇದು ಸಹಜ. ಸಮಾಜ ವಿಜ್ಞಾನದ ಪುಸ್ತಕ ತೆಗೆದು ಭೂಸವೆತದ ಪಾಠ ಇಳಿಸಿದ. ಕಾರಣಗಳು, ಪರಿಣಾಮಗಳು, ತಡೆಯುವ ಕ್ರಮಗಳು. ಒಂಬತ್ತು ಪುಟ.

ನಾನು ಬಾಯಿ ಬಿಡದೆ ಅದನ್ನು ಅಧ್ಯಕ್ಷರ ಮುಂದಿಟ್ಟೆ. ಅವರು ಎಂದಿನಂತೆ "ತರ್ರಿ, ನೋಡ್ತೀನಿ" ಎಂದು ಕನ್ನಡಕ ಹಾಕಿಕೊಂಡರು. ಒಂದೊಂದೇ ಪುಟ ತಿರುಗಿಸಿದರು. ಕಾರಣಗಳ ಹತ್ತಿರ ತಲೆಯಾಡಿಸಿದರು. ಪರಿಣಾಮಗಳ ಹತ್ತಿರ ಒಮ್ಮೆ ನಿಟ್ಟುಸಿರು ಬಿಟ್ಟರು. ಮುಚ್ಚಿಟ್ಟು, ಎದುರಿಗೆ ನಿಂತಿದ್ದ ಹುಡುಗನಿಗೆ ಹೇಳಿದರು: "ಬಾಳ ಶ್ರಮ ಹಾಕೀಯಪ್ಪ. ಹಿಂಗೇ ಮುಂದುವರಿಸು."

ಹುಡುಗನ ಮುಖ ಸುಣ್ಣವಾಯಿತು. ಹೊರಗೆ ಬಂದ ಮೇಲೆ ಸಮಿತಿಯ ಕಾರ್ಯದರ್ಶಿಗಳು ನನ್ನ ಕಿವಿಯಲ್ಲಿ, "ನೋಡಿದ್ರಾ ಸರ್? ಒಂದು ಬೈಗುಳ ಇಲ್ಲ. ಹೆಂಗೆ ಚುಚ್ಚಿದ್ರು" ಎಂದರು. ಮರುದಿನದಿಂದ ಆ ಹುಡುಗ ಬೆಳಗ್ಗೆ ಆರಕ್ಕೆ ಎದ್ದು ಬಿಡಾಡಿ ದನಗಳ ತೊಟ್ಟಿಗೆ ನಿಜವಾಗಿಯೇ ನೀರು ಹೊತ್ತ. ಭೂಸವೆತ ನಿಂತಿತು.

ಹನ್ನೊಂದನೆಯ ಪುಸ್ತಕ

ದೀಕ್ಷೆಗೆ ಎರಡು ದಿನ ಇರುವಾಗ ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಕೊನೆಯ ಸಭೆ. ಹತ್ತು ಪುಸ್ತಕಕ್ಕೆ ಸಹಿ ಹಾಕಿದೆ, ರೊಟ್ಟಿಯದಕ್ಕೂ. ಹನ್ನೊಂದನೆಯದನ್ನು ಬದಿಗೆ ಸರಿಸಿದೆ.

"ಇದಕ್ಕೆ ಆಗಲ್ಲ. ಒಂದು ಅಕ್ಷರ ಇಲ್ಲ."

ಕಾರ್ಯದರ್ಶಿಗಳು ತಲೆಯಾಡಿಸಿದರು. "ನಿಯಮ ಅಂದ್ರೆ ನಿಯಮ. ಅಧ್ಯಕ್ಷರೇ ಮಾಡಿದ್ದು."

ಬಾಗಿಲಲ್ಲಿ ನಿಂತಿದ್ದ ತಾಯಿ, "ನನ್ನ ಮಗಳು ಸುಳ್ಳು ಹೇಳಲ್ರಿ ಸರ್" ಎಂದರು.

"ಸುಳ್ಳು ಹೇಳಿಲ್ಲಮ್ಮ. ಏನೂ ಹೇಳಿಲ್ಲ. ಅದೇ ತೊಂದರೆ."

ಹುಡುಗಿ ನೆಲ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಬಿಗಿದೇ ಇತ್ತು. ಅಧ್ಯಕ್ಷರು ಕೈ ಚಾಚಿದರು. ಪುಸ್ತಕ ಕೊಟ್ಟೆ. ಮೊದಲ ಪುಟ ತಿರುಗಿಸಿದರು. ಎರಡನೆಯದು. ಮೂರನೆಯದು. ಖಾಲಿ ಪುಟ ಎಂಥವರಿಗೂ ತಿಳಿಯುತ್ತದೆ.

"ಯಾಕವ್ವ, ಏನೂ ಬರ್ದಿಲ್ಲ?"

"ಹೇಳಬ್ಯಾಡ ಅಂದಿದ್ರಲ್ಲ ತಾತಾ."

"ಹೇಳಬ್ಯಾಡ ಅಂದಿದ್ದೆ. ಬರೀಬ್ಯಾಡ ಅಂದಿದ್ನೇನು?"

"ಬರೆದ್ರೆ ಇವರು ಓದ್ತಾರಲ್ರಿ" ಎಂದು ನನ್ನನ್ನು ತೋರಿಸಿದಳು.

ಅಧ್ಯಕ್ಷರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರು. ಕಾರ್ಯದರ್ಶಿಗಳನ್ನು ನೋಡಿದರು, ತಾಯಿಯನ್ನು ನೋಡಿದರು. ಆಮೇಲೆ, "ಸರ್, ನಿಮ್ಮ ಪೆನ್ನು ಕೊಡ್ರಿ" ಎಂದರು.

ಮೊದಲ ಪುಟದ ಮೇಲೆ ಬಗ್ಗಿ ಬರೆಯತೊಡಗಿದರು. ಲಾರಿಗಟ್ಟಲೆ ಜೋಳವನ್ನು ಕಣ್ಣಳತೆಯಲ್ಲೇ ತೂಗುವ ಮನುಷ್ಯ, ನಾಲಿಗೆಯ ತುದಿ ಹಲ್ಲಿನ ನಡುವೆ ಹಿಡಿದಿದ್ದರು. ಹುಡುಗಿ ಹಿಂದೆ ಬಂದು ನಿಂತಳು.

"ಅಲ್ಲಿ ದೀರ್ಘ ಬ್ಯಾಡ್ರಿ ತಾತಾ."

"ಹ್ಞೂಂ. ಇದಕ್ಕ ಕೊಂಬು ಐತೇನು?"

"ಐತ್ರಿ. ಈ ಕಡೆ ಅಲ್ಲ, ಆ ಕಡೆ."

"ಒತ್ತಕ್ಷರ ಬರ್ತಾವೇನವ್ವ ಇದ್ರಾಗ?"

"ಇಲ್ರಿ. ಒತ್ತು ಬರೋ ಮಾತು ಹಾಕಬ್ಯಾಡ್ರಿ. ಅದು ಇನ್ನೂ ನಿಮಗೆ ಆಗಿಲ್ಲ."

"ಬದುಕಿದೆ ಬಿಡವ್ವ" ಎಂದರು ಅಧ್ಯಕ್ಷರು.

ಒಂದು ಸಾಲಿಗೆ ಐದು ನಿಮಿಷ ಹಿಡಿಯಿತು. ಮುಗಿಸಿ, ಹಣೆ ಒರೆಸಿಕೊಂಡು, ಪುಸ್ತಕ ನನ್ನ ಕಡೆ ತಳ್ಳಿದರು. "ಈಗ ಸಹಿ ಹಾಕ್ರಿ."

"ಏನು ಬರೆದಾರ ಸರ್? ಓದ್ರಿ" ಎಂದರು ಕಾರ್ಯದರ್ಶಿಗಳು.

ಓದಿದೆ. "ಈ ಹುಡುಗಿ ನನಗೆ ಓದಲು ಕಲಿಸಿದಳು."