ಬೈಸಿಕೊಂಡವರಿಗೇ ಟಿಪ್ಸು

ನಮ್ಮ ಮಾವನ ಬದುಕಿನಲ್ಲಿ ಒಂದೇ ಒಂದು ಕೊರತೆ ಇತ್ತು. ಅವನನ್ನು ಯಾರೂ ಬೈಯುತ್ತಿರಲಿಲ್ಲ!

ನಗಬೇಡಿ. ಇದೂ ಒಂದು ಕೊರತೆಯೇನು, ದೇವರು ನಮಗೂ ಇಂಥದೊಂದು ಕೊಡಬಾರದೇ ಎಂದು ನೀವು ಕೇಳುತ್ತೀರಿ. ಆದರೆ ನನ್ನ ಅವ್ವನ ಖಾಸಾ ಅಣ್ಣನಾದ ಈ ಮಾವ ಆದೋನಿಯ ಹತ್ತಿ ಮಾರುಕಟ್ಟೆಯ ಎದುರಿನ ಹೋಟೆಲೊಂದರಲ್ಲಿ ಹಿರಿಯ ಸಪ್ಲೈಯರ್ ಆಗಿದ್ದ. ಆ ಹೋಟೆಲಿನಲ್ಲಿ ಗಿರಾಕಿಗಳಿಂದ ಬೈಸಿಕೊಳ್ಳದವನಿಗೆ ಟಿಪ್ಸಿನಲ್ಲಿ ಪಾಲಿಲ್ಲ ಎಂಬ ಕಾನೂನಿತ್ತು. ಕಾನೂನು ಮಾಡಿದವನೂ ಅವನೇ! ಮನೆ ಕಟ್ಟಿ, ತಾನು ಒಳಗೆ ಹೋಗಲು ಬಾಗಿಲಿಡುವುದನ್ನೇ ಮರೆತ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನ ಆ ಮನೆಯಲ್ಲಿ ಬೆಚ್ಚಗೆ ಇದ್ದು ಬಿ.ಎ. ಮುಗಿಸಿದ್ದೇನೆ.

ಹೌದು, ನಾನು ಬಿ.ಎ. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಕ್ಷಮಿಸಬೇಕು. ಪೆದ್ದಹರಿವಾಣದ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೇ. ಅಲ್ಲಿ ಗೋಡೆಗೆ ಸುಣ್ಣ ಹೊಡೆಯಲು ಹೋಗಿದ್ದ ನಮ್ಮಪ್ಪ! ನಾನು ಕಾಲೇಜಿಗೆ ಸೇರುತ್ತೇನೆಂದಾಗ ಅಪ್ಪ ಬೇಡ ಅನ್ನಲಿಲ್ಲ.

"ಗ್ವಾಡಿ ಬೆಳ್ಳಗ ಮಾಡಿ ಬಂದೀನಿ. ಅದರೊಳಗ ಕುಂತು ಏನ್ ಮಾಡ್ತಾರ ನೀ ನೋಡ್ಕಂಡು ಬಾ. ಆದ್ರ ಫೀಜು ನನ್ನ ಕೈಲೆ ಆಗಂಗಿಲ್ಲ. ನಿನ್ನ ಕೈಲೂ ಆಗಲಿಲ್ಲಂದ್ರ ಚಿಂತಿ ಮಾಡಬ್ಯಾಡ, ಇನ್ನೊಂದು ಕುಂಚ ಐತಿ."

ಆ ಇನ್ನೊಂದು ಕುಂಚ ಮೂರು ವರ್ಷ ನನ್ನ ಕನಸಿನಲ್ಲಿ ಸುಣ್ಣ ತೊಟ್ಟಿಕ್ಕಿಸುತ್ತ ನಿಂತಿತ್ತು.

ಮಾವ ನನ್ನನ್ನು ಹೋಟೆಲಿಗೆ ಸೇರಿಸಿದ. ಬೆಳಗಿನ ತಿಂಡಿಯ ಹೊತ್ತು ಹೋಟೆಲು, ಆಮೇಲೆ ಕಾಲೇಜು, ಸಂಜೆ ಮತ್ತೆ ಹೋಟೆಲು. ಹೊಸಬರಿಗೆ ಅಲ್ಲಿ ಊಟ ಕೊಡುತ್ತಿದ್ದರು, ಮಲಗಲು ಮೂಲೆ ಕೊಡುತ್ತಿದ್ದರು, ಒಂದು ಖಾಕಿ ಚಡ್ಡಿ ಕೊಡುತ್ತಿದ್ದರು. ಸಂಬಳ ಮಾತ್ರ ಪೂರ್ತಿ ಕೆಲಸ ಕಲಿತ ಮೇಲೆ. ಅರ್ಧ ಹೊತ್ತು ಕೆಲಸ ಮಾಡುವವನು ಪೂರ್ತಿ ಕಲಿಯುವುದು ಎಂದಿಗೆ? ಕಾಲೇಜಿನಲ್ಲೂ ವಿದ್ಯಾರ್ಥಿ, ಹೋಟೆಲಿನಲ್ಲೂ ವಿದ್ಯಾರ್ಥಿ! ಹೀಗಾಗಿ ನನ್ನ ಫೀಜಿಗೆ ಉಳಿದದ್ದು ಗಿರಾಕಿಗಳು ಬಿಟ್ಟುಹೋಗುವ ಟಿಪ್ಸು ಒಂದೇ. ಅದಕ್ಕೂ ಒಂದು ಹಳೆಯ ಪದ್ಧತಿ ಅಡ್ಡ ಕೂತಿತ್ತು: ಕಲಿಯುವವನ ಟಿಪ್ಸು ಕಲಿಸುವವನಿಗೆ.

ಮಾವ ನನ್ನನ್ನು ತನ್ನ ಕೈಕೆಳಗೆ ಇಟ್ಟುಕೊಳ್ಳಲಿಲ್ಲ. "ನನ್ನ ಹತ್ರ ಇದ್ರ ಇವಗ ಮುದ್ದು ಜಾಸ್ತಿ ಆಕ್ಕೈತಿ" ಎಂದು ನರಸಿಂಹುಲು ಎಂಬ ಇನ್ನೊಬ್ಬ ಸಪ್ಲೈಯರಿಗೆ ಒಪ್ಪಿಸಿದ. ಮೊದಲ ದಿನವೇ ನಾನು ಹತ್ತಿ ದಲ್ಲಾಲಿಯೊಬ್ಬರ ಬಿಳಿ ಧೋತರದ ಮೇಲೆ ಸಾಂಬಾರು ಚೆಲ್ಲಿದೆ. ಚೆಲ್ಲಿದೆ ಅಂದರೆ ಕಡಿಮೆಯಾಯಿತು, ಅಭಿಷೇಕ ಮಾಡಿದೆ! ಅವರು ಕನ್ನಡದಲ್ಲಿ ಬೈಯಲು ಶುರುಮಾಡಿದರು. ಸಾಲಲಿಲ್ಲ, ತೆಲುಗಿಗೆ ಹೋದರು. ಅಲ್ಲೂ ತೃಪ್ತಿಯಾಗದೆ ಉರ್ದುವಿನಲ್ಲಿ ಮುಗಿಸಿದರು. ಮುಗಿಸಿದ ಮೇಲೆ ನನ್ನ ಮುಖ ನೋಡಿ ಅವರಿಗೇ ಅಯ್ಯೋ ಅನ್ನಿಸಿರಬೇಕು. "ಹೊಸಬ ಅದಾನ, ಪಾಪ" ಎಂದು ತಟ್ಟೆಯ ಪಕ್ಕ ದೊಡ್ಡದೊಂದು ನಾಣ್ಯ ಇಟ್ಟು ಹೋದರು. ಅದು ನೇರವಾಗಿ ನರಸಿಂಹುಲುವಿನ ಕಿಸೆಗೆ ಇಳಿಯಿತು.

ದೂರದಿಂದ ನೋಡುತ್ತಿದ್ದ ಮಾವ ಹತ್ತಿರ ಬಂದ.

"ನರಸಿಂಹುಲು, ಬೈಗುಳ ಯಾರಿಗೆ ಬಿತ್ತು?"

"ನಿಮ್ಮ ಅಳಿಯಗೇ ಕದಾ, ಇನ್ಯಾರಿಗೆ?"

"ರೊಕ್ಕ ಯಾರ ಕಿಸೆದಾಗ ಐತಿ?"

"ನನ್ನ ಕಿಸೆದಾಗ. ಟೇಬಲ್ ನಂದು, ಕಲಿಸಾವ ನಾನು."

"ಹಂಗಾದ್ರ ಬೈಗುಳಾನೂ ನೀನ ತಗಾಬೇಕಿತ್ತಲ್ಲಪ. ಪಾಯಸ ನಿಂಗ, ಎಂಜಲೆಲಿ ಇವಗೇನು?"

ನರಸಿಂಹುಲು ಸುಮ್ಮನಿರುವ ಆಸಾಮಿಯಲ್ಲ. "ಅದೇಮಿ ನ್ಯಾಯನಪ್ಪಾ? ಒಂದ ಕೈಯಾಗ ನಾಲ್ಕು ತಟ್ಟಿ ಹಿಡಿಯಾದು ಇವಗ ಯಾರು ತೋರಿಸ್ತಾರ? ಇವ ಕಲಿಯೋತನಕ ನನ್ನ ಗಿರಾಕಿ ಸಿಟ್ಟಾಗಿ ಎದ್ದು ಹೋಗ್ತಾರ. ಆ ಲುಕ್ಸಾನು ಯಾರದು? ಕಲಿಸಿದವಗ ಏನೂ ಬ್ಯಾಡೇನು?"

ಆ ನಾಣ್ಯ ನನ್ನದು ಎಂದು ಒಳಗೊಳಗೇ ಕುದಿಯುತ್ತಿದ್ದ ನನಗೂ ಇವನ ಮಾತು ಸುಳ್ಳು ಅನ್ನಿಸಲಿಲ್ಲ. ಮಾವನಿಗೂ ಅನ್ನಿಸಲಿಲ್ಲ. ಅವನು ಒಂದು ಲೋಟ ಚಹಾ ಹಿಡಿದು ಹಿತ್ತಲಿಗೆ ಹೋಗಿ ರುಬ್ಬುವ ಕಲ್ಲಿನ ಮೇಲೆ ಕೂತ. ಚಹಾ ಆರಿ ಕೆನೆಗಟ್ಟಿತು. ಎದ್ದು ಬಂದವನ ಕೈಯಲ್ಲಿ ಬಾಯಿ ಮುಕ್ಕಾದ ಒಂದು ಉಪ್ಪಿನಕಾಯಿ ಜಾಡಿ, ಬಾಯಲ್ಲಿ ಹೊಸ ಕಾನೂನು!

"ಇನ್ನಮ್ಯಾಲೆ ಎಲ್ಲಾರ ಟಿಪ್ಸೂ ಇದರಾಗ. ಬೈಸಿಕೊಂಡವಗ ಪಾಲು. ಕಲಿಯೋವಗ ಬೈಯುವಾಗ ಕಲಿಸಾವ ಅಡ್ಡ ನಿಂತು ‘ತಪ್ಪು ನಂದು’ ಅಂದ್ರ ಅವಗೂ ಪಾಲು. ಅಡ್ಡ ನಿಲ್ಲದ ಗುರುವಿಗೆ ಬರೇ ಚಾ."

ಗಲ್ಲಾದಲ್ಲಿ ಕೂತಿದ್ದ ಸಾಹುಕಾರರು ನಕ್ಕು ಸುಮ್ಮನಾದರು. ತಮ್ಮ ಕಿಸೆಯಿಂದ ಹೋಗುವುದೇನೂ ಇಲ್ಲವಲ್ಲ!

ಆಮೇಲೆ ನಡೆದದ್ದನ್ನು ಏನೆಂದು ಹೇಳಲಿ? ಹೊಸ ಹುಡುಗ ನೀರಿನ ಲೋಟ ಉರುಳಿಸಿದರೆ ಸಾಕು, ಅಡುಗೆಮನೆಯಿಂದ ಒಬ್ಬ, ಕೈತೊಳೆಯುವ ತೊಟ್ಟಿಯ ಕಡೆಯಿಂದ ಇನ್ನೊಬ್ಬ ಓಡಿ ಬಂದು ಗಿರಾಕಿಯ ಮುಂದೆ ನಿಲ್ಲುತ್ತಿದ್ದರು.

"ತಪ್ಪು ನಂದ್ರಿ ಸಾಹೇಬ್ರ!"

"ಇಲ್ರಿ, ಇವನ ಮಾತು ಕೇಳಬ್ಯಾಡ್ರಿ, ಕಲಿಸಿದವ ನಾನು, ತಪ್ಪು ನಂದು!"

ಬೈಯಲು ಬಾಯಿ ತೆರೆದಿದ್ದ ಗಿರಾಕಿ ಯಾರಿಗೆ ಬೈಯಬೇಕೆಂದು ತಿಳಿಯದೆ ಇಡ್ಲಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಇದುವರೆಗೆ ಹೊಸಬರ ತಲೆಗೆ ಮೊಟಕುತ್ತಿದ್ದ ಕೈಗಳು ಹೊಸಬರನ್ನು ಹಿಂದಕ್ಕೆ ಸರಿಸಿ ತಾವು ಮುಂದೆ ನಿಂತವು. ಆಸೆಗೆ ನಿಂತರೋ, ಮಮತೆಗೆ ನಿಂತರೋ? ಹಿಂದೆ ನಿಂತವನಿಗೆ ಬೆನ್ನು ಕಾಣುತ್ತದೆಯೇ ಹೊರತು ಕಾರಣ ಕಾಣುವುದಿಲ್ಲ. ನನಗಂತೂ ಆ ಬೆನ್ನು ಸಾಕಾಗಿತ್ತು.

ತಿಂಡಿಯ ಗದ್ದಲ ಇಳಿದ ಮೇಲೆ ಹಿತ್ತಲಲ್ಲಿ ದರ್ಬಾರು. ಮಾವ ರುಬ್ಬುವ ಕಲ್ಲಿನ ಮೇಲೆ, ಜಾಡಿ ಅವನ ಮುಂದೆ. ಒಬ್ಬೊಬ್ಬರೂ ತಾವು ತಿಂದ ಬೈಗುಳವನ್ನು ಸಾಕ್ಷಿ ಸಮೇತ ಹೇಳಬೇಕು. ಬರೀ "ಲೇ" ಅಂದರೆ ಪಾಲಿಲ್ಲ. ಅಪ್ಪನ ಹೆಸರು ಎತ್ತಿದ್ದರೆ ಉಂಟು. ಇಂಗ್ಲಿಷಿನ ಬೈಗುಳ ಬಂದಾಗ ಮಾತ್ರ ತೊಡಕಾಯಿತು. ಮಾವ ಕೇಳಿದ, "ಅರ್ಥ ಆತೇನು?" "ಇಲ್ಲ." "ಅರ್ಥ ಆಗದ್ದು ನೋಯಂಗಿಲ್ಲ. ಅರ್ಧ ಪಾಲು!" ಇಂಗ್ಲಿಷಿನ ಬೈಗುಳಕ್ಕೆ ಪೂರ್ತಿ ಪಾಲು ಪಡೆಯುತ್ತಿದ್ದವನು ನಾನೊಬ್ಬನೇ. ಉನ್ನತ ಶಿಕ್ಷಣದಿಂದ ನನಗಾದ ಮೊದಲ ಲಾಭ ಇದು!

ಹತ್ತಿಯ ದರ ಬಿದ್ದ ದಿನ ನಮಗೆ ಹಬ್ಬ. ಮಾರುಕಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು ಕೈಸುಟ್ಟುಕೊಂಡವರು ನಮ್ಮಲ್ಲಿಗೆ ಬಂದು ಒಗ್ಗರಣಿ ಮಂಡಕ್ಕಿಗೆ ಖಾರ ಜಾಸ್ತಿ ಎಂದು ಕೂಗಾಡುತ್ತಿದ್ದರು. ಮನಸ್ಸು ಹಗುರಾಗಿ, ಕೂಗಾಡಿದ್ದಕ್ಕೆ ನಾಚಿಕೆಯಾಗಿ, ಕೈಬಿಚ್ಚಿ ಟಿಪ್ಸು ಇಡುತ್ತಿದ್ದರು. ನಾನು ಫೀಜು ಕಟ್ಟಲು ಹೋದಾಗ ಕಾಲೇಜಿನ ಗುಮಾಸ್ತರು ನಾಣ್ಯಗಳನ್ನು ಮೂಗಿನ ಹತ್ತಿರ ಹಿಡಿದು, "ಏನಯ್ಯಾ, ಮಾವಿನಕಾಯಿದೋ ನಿಂಬಿಕಾಯಿದೋ?" ಎಂದು ಕೇಳುತ್ತಿದ್ದರು.

ಇಷ್ಟೆಲ್ಲ ನಡೆದರೂ ಕಾನೂನು ಮಾಡಿದವನ ಕೈಗೆ ಜಾಡಿಯಿಂದ ಬಿಡಿಗಾಸು ಬರಲಿಲ್ಲ. ಅವನನ್ನು ಬೈಯುವುದು ಹೇಗೆ? ಗಿರಾಕಿ ಕೂರುವುದರೊಳಗೆ ನೀರು, ಕೇಳುವುದರೊಳಗೆ ಚಟ್ನಿ. ಎಲ್ಲರಿಗಿಂತ ಹೆಚ್ಚು ಟಿಪ್ಸು ಬೀಳುತ್ತಿದ್ದುದು ಅವನ ಟೇಬಲಿನಲ್ಲೇ. ಎಲ್ಲವೂ ಜಾಡಿಗೆ! ಅವನ ಕೈಕೆಳಗಿನ ಹುಡುಗರೂ ಅವನಷ್ಟೇ ಚೊಕ್ಕ, ಅಡ್ಡ ನಿಲ್ಲಲೂ ಅವಕಾಶವಿಲ್ಲ. ಒಮ್ಮೆ ನಮ್ಮ ಅತ್ತೆ ಹೋಟೆಲಿನ ಹಿತ್ತಲಿಗೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿಮ್ಮ ಮಾವಗ ಬೈಯೋರಿಲ್ಲಂತ ಯಾರಂದ್ರು? ದಿನಾ ಮುಂಜಾನಿ ಸಂಜಿ ನಾ ಬೈತೀನಿ. ಆ ಪಾಲು ಎಲ್ಲಿ ಐತಿ?"

"ಮನ್ಯಾಗಿಂದು ಇಲ್ಲಿ ಲೆಕ್ಕಕ್ಕ ಬರಂಗಿಲ್ಲ" ಎಂದ ಮಾವ ಗಂಭೀರವಾಗಿ. "ಅದಕ್ಕ ಟಿಪ್ಸು ಯಾರು ಇಡ್ತಾರ?"

"ಥೂ ನಿನ್ನ!" ಎಂದು ಅತ್ತೆ ಹೊರಟಳು. "ನೋಡ್ರಿ, ಇದೂ ಬರಂಗಿಲ್ಲ" ಎಂದು ಮಾವ ನಮ್ಮ ಕಡೆ ತಿರುಗಿ ನಿಟ್ಟುಸಿರಿಟ್ಟ.

ನನ್ನ ಕೊನೆಯ ವರ್ಷದ ಪರೀಕ್ಷೆಯ ಫೀಜು ಕಟ್ಟುವ ಕಾಲಕ್ಕೆ ಸರಿಯಾಗಿ ಅನಾಹುತವಾಯಿತು. ನರಸಿಂಹುಲುವಿಗೆ ಒಂದು ವಾರದಿಂದ ಬೈಗುಳ ಬಿದ್ದಿರಲಿಲ್ಲ. ತಾಳಲಾರದೆ ಒಬ್ಬ ಗಿರಾಕಿಯ ಮಡಿಲಿಗೆ ಬೇಕಂತಲೇ ಚಟ್ನಿಯ ಬಟ್ಟಲು ಮಗುಚಿದ. ಆ ಗಿರಾಕಿ ಯಾರೆಂದುಕೊಂಡಿರಿ? ಸಾಹುಕಾರರ ಹೊಸ ಬೀಗರು!

ಸಾಹುಕಾರರು ಗಲ್ಲಾದಿಂದ ಇಳಿದು ಹಿತ್ತಲಿಗೇ ಬಂದರು. "ಸಾಕು ನಿಮ್ಮ ಜಾಡಿ ಆಟ. ನಾಳಿಂದ ಹಳೇ ಪದ್ಧತಿ. ಕಲಿಯೋವನ ಟಿಪ್ಸು ಕಲಿಸಾವಗ. ಮುಗೀತು."

ನನ್ನ ಕಣ್ಣೆದುರು ಕುಂಚ ಬಂದು ನಿಂತಿತು. ಮಾವ ಏನಾದರೂ ಹೇಳುತ್ತಾನೆಂದು ನೋಡಿದೆ. ಅವನು "ಆತ್ರಿ ಸಾವ್ಕಾರ್ರ" ಎಂದು ಟೇಬಲು ಒರೆಸಲು ಹೋದ. ಅಷ್ಟೇ! ಆ ಸಂಜೆ ಅವನ ಜೊತೆ ನಾನು ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನ ಬಾಗಿಲು ತೆಗೆದರೆ ಮಾವ ಖಾಕಿ ಚಡ್ಡಿಯಲ್ಲಿ ನಿಂತಿದ್ದಾನೆ! ಹುರಿ ಮೀಸೆ, ನರೆತ ತಲೆ, ಕೆಳಗೆ ಹುಡುಗರ ಚಡ್ಡಿ. ನನ್ನ ಮುಂದೆ ಕೈಕಟ್ಟಿ, "ಮೇಷ್ಟ್ರ, ಮೊದಲ ಏನು ಹಿಡೀಲಿ?" ಎಂದ.

ಸಾಹುಕಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನೋ ಇದು ವೇಷ?"

"ಇವತ್ತಿನಿಂದ ನಾನೂ ಕಲಿಯೋವ್ರಿ. ಇಂಗ್ಲಿಷ್ ಮಾತಾಡೋ ಗಿರಾಕಿಗೆ ಹೆಂಗ ಸಪ್ಲೈ ಮಾಡಬೇಕಂತ ಈ ಹುಡುಗ ಕಲಿಸ್ತಾನ. ನಿಮ್ಮ ಪದ್ಧತಿ ಪ್ರಕಾರ ನನ್ನ ಟೇಬಲಿನ ಟಿಪ್ಸೆಲ್ಲಾ ನನ್ನ ಮೇಷ್ಟ್ರಿಗೆ."

ಮಾವನ ಟೇಬಲಿನ ಟಿಪ್ಸು ಎಷ್ಟೆಂದು ಎಲ್ಲರಿಗೂ ಗೊತ್ತಿತ್ತು. ಮೊದಲು ಎಚ್ಚರವಾದವನು ನರಸಿಂಹುಲು. "ಇದು ಬಾಗುಂದಪ್ಪಾ, ಬಾಳ ಚಲೋ ಐತಿ! ನಾಳಿಂದ ನನ್ನ ತಮ್ಮನ ನನಗ ಮೇಷ್ಟ್ರು, ನನ್ನ ಟಿಪ್ಸೆಲ್ಲಾ ಅವಗ. ನನಗೂ ಒಂದು ಚಡ್ಡಿ ಕೊಡ್ರಿ!"

ಸಾಹುಕಾರರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಬಂತು. "ಹೋಗ್ರಲೇ! ಹೋಟೆಲ್ ತುಂಬ ಚಡ್ಡಿ ಆದ್ರ ಯಾವ ಮರ್ಯಾದಸ್ತ ಒಳಗ ಬರ್ತಾನ? ತರ್ರಿ ಜಾಡಿ. ಆದ್ರ ಒಂದು ಮಾತು. ಬೇಕಂತ ಚೆಲ್ಲಿದವಗ ಪಾಲಿಲ್ಲ."

ಜಾಡಿ ಬಂತು. ನನ್ನ ಫೀಜೂ ಹೋಯಿತು, ಉಪ್ಪಿನಕಾಯಿಯ ಘಮದೊಂದಿಗೆ.

ಮಾವ ಚಡ್ಡಿ ಬದಲಿಸಿದರೂ ಶಿಷ್ಯತ್ವ ಬಿಡಲಿಲ್ಲ. ಕಲಿಸು ಎಂದು ಬೆನ್ನು ಹತ್ತಿದ. ‘ಗುಡ್ ಮಾರ್ನಿಂಗ್’ನಿಂದ ಶುರುಮಾಡಿದೆ.

"ಅದು ಬ್ಯಾಡಲೇ ಅಳಿಯಾ. ಬೈಯಾದು ಕಲಿಸು. ನಾಳೆ ಯಾರಾರ ಪುಣ್ಯಾತ್ಮ ನನಗ ಇಂಗ್ಲಿಷಿನಾಗ ಬೈದ್ರ, ಅರ್ಥ ಆಗಲಿಲ್ಲಂತ ಅರ್ಧ ಪಾಲು ಹೋಗಬಾರ್ದು ನೋಡು."

ನೋಡಿದಿರಾ ಆಸೆ! ‘ಕೋಲ್ಡ್’, ‘ಲೇಟ್’, ‘ಯೂಸ್‌ಲೆಸ್ ಫೆಲೋ’ ಎಲ್ಲ ಕಲಿಸಿದೆ. ಅವನು ಟೇಬಲು ಒರೆಸುತ್ತ ‘ಯೂಸ್‌ಲೆಸ್ ಫೆಲೋ, ಯೂಸ್‌ಲೆಸ್ ಫೆಲೋ’ ಎಂದು ಜಪ ಮಾಡುತ್ತಿದ್ದ. ಬೈಯುವ ಪುಣ್ಯಾತ್ಮ ಮಾತ್ರ ಬರಲಿಲ್ಲ.

ನಾನು ಪಾಸಾದೆ. ಮದ್ದಿಕೇರದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ಭಾನುವಾರ ಬಿಳಿ ಅಂಗಿ ತೊಟ್ಟು ಆ ಹೋಟೆಲಿಗೆ ಬಂದು, ಜೀವಮಾನದಲ್ಲಿ ಮೊದಲ ಸಲ ಅಲ್ಲಿನ ಕುರ್ಚಿಯಲ್ಲಿ ಕೂತೆ. ನಾನು ಕೂರುವುದರೊಳಗೆ ನೀರು ಬಂತು.

"ಏನ್ ಕೊಡ್ಲಿ ಸಾಹೇಬ್ರ?" ಎಂದ ಮಾವ. ಮೀಸೆಯ ಕೆಳಗೆ ನಗು.

ತಿಂದೆ. ಕಾಫಿ ಬಂತು. ಕುಡಿಯುವ ಮೊದಲೇ ಎದ್ದು ಅವನ ಕೈಗೆ ನೋಟು ಹಿಡಿಸಹೋದೆ. ಅವನು ಕೈ ಹಿಂದಕ್ಕೆಳೆದುಕೊಂಡು ಜಾಡಿ ತೋರಿಸಿದ. "ಗಿರಾಕಿ ಕೊಟ್ಟದ್ದು ಅಲ್ಲಿಗೆ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಅಲ್ಲಿಗೆ ಹಾಕಿದರೆ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಸಿಗುತ್ತದೆಂಬುದೂ ಗೊತ್ತಿತ್ತು. ಬೈಯೋಣವೆಂದರೆ ಒಂದು ತಪ್ಪಾದರೂ ಬೇಡವೇ? ಇಡ್ಲಿ ಹತ್ತಿಯಂತಿತ್ತು. ಕಾಫಿ ಹೊಗೆಯಾಡುತ್ತಿತ್ತು. ಹಾಳಾದವನು, ಒಂದು ಹನಿ ಕೂಡ ಬಸಿಯಲ್ಲಿ ಚೆಲ್ಲಿರಲಿಲ್ಲ!

ನೋಟನ್ನು ಜಾಡಿಗೆ ಹಾಕಿದೆ. ತಿರುಗಿ ಬಂದು ಟೇಬಲು ಗುದ್ದಿದೆ. ಕನ್ನಡದಲ್ಲಿ ನಾಲಗೆ ಏಳಲಿಲ್ಲ, ಇಂಗ್ಲಿಷಿನಲ್ಲಿ ಕೂಗಿದೆ.

"ವಾಟ್ ಈಸ್ ದಿಸ್! ಕೋಲ್ಡ್ ಕಾಫಿ! ಲೇಟ್! ಯೂ ಆರ್ ಎ ಯೂಸ್‌ಲೆಸ್..."

ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತು. ಅಷ್ಟರಲ್ಲಿ ಎಲ್ಲ ದಿಕ್ಕಿನಿಂದ ಸಪ್ಲೈಯರುಗಳು ಓಡಿ ಬಂದರು, ನರಸಿಂಹುಲು ಎಲ್ಲರಿಗಿಂತ ಮುಂದೆ. "ತಪ್ಪು ನಂದ್ರಿ! ತಪ್ಪು ನಂದು!"

ಮಾವ ಎರಡೂ ಕೈ ಚಾಚಿ ಅವರನ್ನು ತಡೆದ. "ಸರೀರಲೇ ಹಿಂದಕ್ಕ! ಇದು ನಂದು."

ನರಸಿಂಹುಲು ಕಾಫಿಯ ಹೊಗೆ ನೋಡಿದ. "ಬಿಸಿ ಕಾಫಿಗೆ ಕೋಲ್ಡ್ ಅಂತಾನ. ಮ್ಯಾಲೆ ಇಂಗ್ಲಿಷ್ ಬೈಗುಳ. ಬಾಳ ಅಂದ್ರ ಅರ್ಧ."

"ಪೂರ್ತಿ! ನಂಗ ಎಲ್ಲಾ ಅರ್ಥ ಆಗೈತಿ."

ನರಸಿಂಹುಲು ನನ್ನ ಮುಖ ನೋಡಿದ. ಏನು ಕಂಡನೋ, ತಲೆ ಕೆರೆದುಕೊಂಡು ಮೆತ್ತಗೆ ಹೇಳಿದ, "ಆತು ಬಿಡಪ್ಪಾ. ಬೇಕಂತ ಚೆಲ್ಲಿದ್ರ ಪಾಲಿಲ್ಲ ಅಂದಾರ ಸಾವ್ಕಾರ್ರು. ಬೇಕಂತ ಬೈದ್ರ ಇಲ್ಲ ಅಂದಿಲ್ಲ." ತಾನೇ ಜಾಡಿ ತಂದು ಮಾವನ ಮುಂದೆ ಹಿಡಿದ.

ಮಾವ ಅಂಗಿಯ ತೋಳು ಮೇಲೇರಿಸಿ, ಅಷ್ಟು ವರ್ಷ ಬೇರೆಯವರಿಗಾಗಿ ಮಾತ್ರ ಒಳಗಿಳಿಸಿದ್ದ ಕೈಯನ್ನು ಮೊದಲ ಬಾರಿ ತನಗಾಗಿ ಇಳಿಸಿದ. ಹಿಡಿ ತುಂಬ ತೆಗೆದ. ಅದರಲ್ಲಿ ಅರ್ಧವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ಇದ್ಯಾಕ ಮಾವಾ?"

"ಕಲಿಸಿದವಗ ಏನೂ ಬ್ಯಾಡೇನು?"

ಅವನು ನನ್ನ ಬಿಳಿ ಅಂಗಿಯ ಕಾಲರನ್ನು ಸರಿಮಾಡುತ್ತ, ಯಾರಿಗೂ ಕೇಳದಂತೆ ಕಿವಿಯ ಹತ್ತಿರ ಬಾಗಿದ.

"ಆದ್ರ ‘ಫೆಲೋ’ ಬಿಟ್ಟೀ ನೋಡು, ಅಳಿಯಾ. ಮುಂದಿನ ಸಲ ಪೂರ್ತಿ ಬೈ."